ಸ್ವೀಡನ್ನಿನಾಗ ಅಂಕಲಗಿಯ ಅಳು

"ಟೀಚರ್, ಸ್ವೀಡನ್ನಿಗೆ ಹೋಗಿ ಬಂದ್ರಂತಲ್ಲ, ಹೆಂಗಿತ್ತರಿ?" ಅಂತ ಹುಕ್ಕೇರಿ ಬಸ್ ಸ್ಟ್ಯಾಂಡಿನಾಗ ಕೇಳಿದವರಿಗೆಲ್ಲ "ಚಳಿ ಐತ್ರಿ" ಅಂತ ಒಂದ ಮಾತು ಹೇಳಿ ಬಾಯಿ ಮುಚ್ಚಿಸೇನಿ. ಸಾಲ್ಯಾಗ ಹೆಡ್‌ಮಾಸ್ತರು ನನ್ನ ಸ್ಟೇಜ್ ಮ್ಯಾಲ ಕರದು ಶಾಲು ಹೊಚ್ಚಿ, "ನಮ್ಮ ಇಂಗ್ಲಿಷ್ ಟೀಚರ್ ಪರದೇಶದಾಗ ಕನ್ನಡದ ಬಾವುಟ ಹಾರಿಸಿ ಬಂದಾರ" ಅಂದರು. ಎಲ್ಲಿ ಬಾವುಟ, ನನ್ನ ತಲಿ! ಆದರ ಶಾಲು ಹೊಚ್ಚೂವಾಗ ಹಂಗ ಅನ್ನಾಕ ಬರೂದಿಲ್ಲ. ಅದಕ್ಕ ಈಗ ಕುಂತು ಖರೆ ಖರೆ ಬರಿಯಾಕತ್ತೇನಿ. ಅಲ್ಲಿ ಯಾವ ಜಾಗಾ ನೋಡಬೇಕು, ಯಾವ ಹೋಟೆಲ್ಲಿನಾಗ ಉಣ್ಣಬೇಕು ಅನ್ನೂದು ಬೇಕಾದವರು ಬ್ಯಾರೆ ಯಾರರ ಬರದದ್ದು ಓದ್ರಿ. ನಾ ಹೋದದ್ದು ನಮ್ಮವ್ವನ ದನಿ ಕೇಳಾಕ.

ಅವ್ವ ಶಾಂತವ್ವ ಸತ್ತಾಗ ನಾ ಇನ್ನೂ ಅಂಬೆಗಾಲು ಇಡೂ ಕೂಸು. ಕೂಲಿ ಮಾಡೂ ಮನಿತನ, ಫೋಟೋ ಹೊಡಸೂ ರೂಢಿ ಎಲ್ಲಿಂದ ಬರಬೇಕು? ನಮ್ಮ ಮನಿ ಗ್ವಾಡಿ ಮ್ಯಾಲ ಬುದ್ಧನ ಫೋಟೋ ಐತಿ, ಮುಂದ ಯಾವಾಗೋ ಹೊಡಸಿದ ಅಪ್ಪನ ಫೋಟೋ ಐತಿ, ಅವ್ವಂದಿಲ್ಲ. ನನ್ನ ಸಾಕಿದ್ದು ಅವ್ವನ ತಂಗಿ, ಚಿಗವ್ವ ಕಲ್ಲವ್ವ. ಅವ್ವ ಹೆಂಗಿದ್ದಳು ಅಂತ ಕೇಳಿದರ "ಹೆಂಗಿರ್ತಾಳ? ಎಲ್ಲಾರಂಗ ಇದ್ದಳು, ದುಡದು ಸತ್ಲು" ಅಂತ ಹೇಳಿ ಎದ್ದು ಹೋಗ್ತಿದ್ದಳು. ಹಂಗ ಅಂದಾಗ ಅಕಿ ಮಾರಿ ನೋಡಾಕ ಆಗ್ತಿರಲಿಲ್ಲ, ಅದಕ್ಕ ನಾನೂ ಕೇಳೂದು ಬಿಟ್ಟಿದ್ದೆ.

ಹತ್ತರಗಿ

ಸುದ್ದಿ ಬಂದದ್ದು ಗೋಕಾಕದ ಒಬ್ಬ ಕಾಲೇಜು ಮಾಸ್ತರರ ಕೈಲೆ. ಸ್ವೀಡನ್ನಿನಾಗ ಒಬ್ಬ ದೊಡ್ಡ ಸಂಗೀತಗಾರ ಇದ್ದನಂತ. ಅವನ ಹೆಸರು ನಾ ಬರಿಯೂದಿಲ್ಲ. ಬರದರ ಅವನ ಟ್ರಸ್ಟಿನವರು ವಕೀಲರ ಕಡಿಂದ ನೋಟೀಸ್ ಕಳಸ್ತಾರ, ಅವರ ಗುಣ ನಾ ನೋಡಿ ಬಂದೇನಿ. ಸಾಹೇಬ ಅಂತೀನಿ, ಸಾಕು. ಈ ಸಾಹೇಬ ತನ್ನ ಹರೇದಾಗ ಗೋಕಾಕ ಫಾಲ್ಸ್ ನೋಡಾಕ ಬಂದು, ನಮ್ಮೂರು ಅಂಕಲಗ್ಯಾಗ ದೊಡ್ಡ ಮನ್ಯಾಗ ವಸ್ತಿ ಇದ್ದ. ಅಲ್ಲಿ ನಮ್ಮ ಓಣಿ ಹೆಣಮಕ್ಕಳ ಅಳುವ ಹಾಡು ಟೇಪ್ ಮಾಡಿಕೊಂಡು ಹೋಗಿ, ಅದರ ಮ್ಯಾಲ ಒಂದು ಸಿಂಫನಿ ಕಟ್ಟಿ ಹೆಸರು ಮಾಡಿದ. ಈಗ ಸಾಹೇಬ ಇಲ್ಲ. ಅವನ ಎಲ್ಲಾ ಸಿಂಫನಿ, ಎಲ್ಲಾ ಗುಂಪಿನ ಹಾಡು ಹೊಸದಾಗಿ ರೆಕಾರ್ಡ್ ಮಾಡಿ ಒಂದ ಪೆಟ್ಟಿಗ್ಯಾಗ ಹಾಕಿ ಹೊರಗ ತರೂ ವಿಚಾರ ಟ್ರಸ್ಟಿನವರದು. ಹಾಡವರಿಗೆ ಕನ್ನಡದ ಉಚ್ಚಾರ ತಿದ್ದಾಕ ಅಂಕಲಗಿ ಮನಿತನದವರೊಬ್ಬರು ಬೇಕಾಗಿತ್ತು. ಬಂದರ ಹಳೇ ಟೇಪು ಕೇಳಸ್ತೀವಿ, ಅದರಾಗ ಒಬ್ಬಾಕಿ ಹೆಣಮಗಳ ದನಿ ಐತಿ ಅಂತ ಬರದಿದ್ದರು. ಮಾಸ್ತರರು ಅಂಕಲಗ್ಯಾಗ ವಿಚಾರಿಸಿದರ ಹಳೇ ಮಂದಿ "ಶಾಂತವ್ವನ ದನಿ ಅಂದರ ದನಿ, ಅಕಿನ ಹಾಡಿರಬೇಕು" ಅಂದರಂತ. ನನಗ ಅಷ್ಟ ಸಾಕಾತು.

ಅಳುವ ಹಾಡು ಅಂದರ ಏನಂತ ದಕ್ಷಿಣದ ಕಡೆಯವರಿಗೆ ಹೇಳಬೇಕು. ದೊಡ್ಡವರ ಮನ್ಯಾಗ ಯಾರರ ಸತ್ತರ ನಮ್ಮ ಓಣಿ ಹೆಣಮಕ್ಕಳಿಗೆ ಕರೆ ಬರ್ತಿತ್ತು. ಹೆಣದ ಮುಂದ ಕುಂತು, ಸತ್ತವನ ಗುಣ ಎಣಸಿ ಎಣಸಿ ಹಾಡಬೇಕು. ಮನಿಯವರ ಕಣ್ಣಾಗ ನೀರು ಬರೂತನಕ ಬಿಡಬಾರದು. ಜೀವಂತ ಇದ್ದಾಗ ನಮ್ಮನ್ನ ಕಟ್ಟಿ ಹತ್ತಗೊಡದಾವನ ಗುಣ ಏನಂತ ಎಣಸಬೇಕ್ರಿ? ಆದರೂ ಎಣಸ್ತಿದ್ದರು. ಅದಕ್ಕೊಂದು ಕಟ್ಟಳಿ ಇತ್ತು. ಹೆಣ ಇಲ್ಲದ ಮನ್ಯಾಗ ಆ ಹಾಡು ಬಾಯಿಂದ ತೆಗೀಬಾರದು. ತೆಗದರ ಹಾಡಿದಾಕಿ ಮನಿಗೇ ಸಾವು ಹೊಕ್ಕತೈತಿ.

ಹೊಂಟ ದಿವಸ ಹತ್ತರಗಿ ಹೈವೇ ಬಾಜೂ ಬಸ್ಸಿಗೆ ನಿಂತಾಗ ಚಿಗವ್ವ ಮೂಡಲಗಿಯಿಂದ ಕರದಂಟಿನ ಡಬ್ಬಿ ಹಿಡಕೊಂಡು ಬಂದಳು. ಮೂಡಲಗ್ಯಾಗ ಅಕಿದು ಖಾನಾವಳಿ ಐತಿ. ಸಂತಿ ದಿವಸ ಅಲ್ಲಿ ಕುಂಡ್ರಾಕ ಜಾಗಾ ಸಿಗೂದಿಲ್ಲ. "ನೀನೂ ಬಾ" ಅಂತ ನಾ ಎಷ್ಟು ಬಡಕೊಂಡಿದ್ದೆ! "ನಾ ಬಂದರ ರೊಟ್ಟಿ ಯಾರು ಬಡೀತಾರ, ನಿನ್ನ ಗಂಡ ಬಡೀತಾನೇನು?" ಅಂದಿದ್ದಳು.

"ಚಿಗವ್ವಾ, ಹೆಣ ಇಲ್ಲದ ಮನ್ಯಾಗ ಅವತ್ತ ಸಾಹೇಬನ ಮುಂದ ಹೆಂಗ ಹಾಡಿದ್ರಿ ನೀವು?" ಅಂತ ಅಲ್ಲೇ ಕೇಳಿದೆ.

"ದೊಡ್ಡವರು ಹಾಡು ಅಂದ್ರು, ಹಾಡಿದ್ವಿ. ಬಸ್ ಬಂತು ನೋಡ, ಹತ್ತು."

ಬಸ್ ಬಂದಿರಲಿಲ್ಲ. ಬಂದದ್ದು ಕಬ್ಬಿನ ಟ್ರ್ಯಾಕ್ಟರ್.

ಸಮುದ್ರದ ಬಾಜೂ ಊರು

ನಾ ಇಳದ ಊರಾಗ ಮಧ್ಯಾಹ್ನ ಚಹಾ ಕುಡ್ಯೂ ಹೊತ್ತಿಗೆ ಹೊತ್ತು ಮುಳಗತೈತಿ. ಮಂದಿ ಭಾಳ ಒಳ್ಳೆವರು, ಆದರ ನಿಮ್ಮ ಗೊಡವಿ ಅವರಿಗೆ ಬೇಕಿಲ್ಲ. ಬಸ್ಸಿನಾಗ ಇಬ್ಬರು ಕುಂಡ್ರೂ ಸೀಟಿನಾಗ ಒಬ್ಬರ ಕುಂತಿರ್ತಾರ, ಉಳದವರು ನಿಂತಿರ್ತಾರ. ನಾ ಒಬ್ಬಾಕಿ ಮುದುಕಿ ಬಾಜೂ ಹೋಗಿ ಕುಂತು "ಎಲ್ಲಿಗೆ ಹೊಂಟೀರಿ?" ಅಂತ ಇಂಗ್ಲಿಷಿನಾಗ ಕೇಳಿದೆ. ಮುಂದಿನ ಸ್ಟಾಪಿಗೇ ಇಳದು ಹೋದಳು. ಅಕಿ ಇಳಿಯೂ ಸ್ಟಾಪು ಅದಲ್ಲ ಅಂತ ನಾ ಈಗಲೂ ಹೇಳ್ತೀನಿ. ನಮ್ಮ ಕಡೆ ಗೋಕಾಕದಿಂದ ಹುಕ್ಕೇರಿ ಮುಟ್ಟೂದ್ರಾಗ ಬಾಜೂ ಕುಂತಾಕಿ ನಿಮ್ಮ ಪಗಾರ, ನಿಮ್ಮ ಅತ್ತಿ ಜಗಳ, ಎಲ್ಲಾ ಕೇಳಿ ಮುಗಿಸಿ, ಇಳಿಯೂವಾಗ ಮಗಳಿಗೊಂದು ವರಾ ನೋಡ್ರಿ ಅಂತಾಳ. ಅದೂ ತ್ರಾಸ ಖರೆ. ಆದರ ಅಲ್ಲಿ ಮೂರನೇ ದಿವಸ ಯಾರರ ನನ್ನ ಜಗಳ ಕೇಳಿದರ ಸಾಕು ಅನಸ್ತಿತ್ತು.

ರೆಕಾರ್ಡಿಂಗಿನ ಉಸ್ತುವಾರಿ ಇಂಗ್ರಿಡ್ ಅನ್ನಾಕಿದು. ಎತ್ತರದ ಹೆಣಮಗಳು, ಮಾತು ಮೆತ್ತಗ. ಇಡೀ ಪ್ರವಾಸದಾಗ ಒಮ್ಮೆಯೂ ಅಕಿ ದನಿ ಏರಿಸಲಿಲ್ಲ, ಒಮ್ಮೆಯೂ ತನ್ನ ಮಾತು ಬಿಟ್ಟುಕೊಡಲಿಲ್ಲ. ಮೊದಲ ದಿವಸ ನಾ ಕರದಂಟಿನ ಡಬ್ಬಿ ತೆರದು ಎಲ್ಲಾರ ಮುಂದ ಇಟ್ಟೆ.

"ಇದರಾಗ ಬೀಜ ಅದಾವೇನು?" ಅಂತ ಕೇಳಿದಳು.

ಕರದಂಟಿನಾಗ ಬೀಜ ಅದಾವೇನು! ಬದಾಮಿ, ಗೋಡಂಬಿ, ಕೊಬ್ಬರಿ, ಅಂಟು, ಬೆಲ್ಲ ಬಿಟ್ಟರ ಇನ್ನೇನು ಇರತೈತಿ ಅದರಾಗ? ಹಾಡವರೊಳಗ ಯಾರಿಗೋ ಬೀಜ ಆಗಿಬರೂದಿಲ್ಲಂತ. ಡಬ್ಬಿ ಮುಚ್ಚಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿ, ಬಾಗಿಲ ಹೊರಗ ಇಟ್ಟರು. ಆಮ್ಯಾಲ ನನ್ನ ಕೈಯೂ ತೊಳಿಸಿದರು. ಚಿಗವ್ವ ಅದನ್ನ ಕೊಟ್ಟಾಗ "ಆ ಮಂದಿಗೆ ಮೈಯಾಗ ಶಕ್ತಿ ಬರಲಿ" ಅಂದಿದ್ದಳು. ನನಗ ಭಾಳ ಕೆಟ್ಟ ಅನಿಸ್ತು.

ಹಾಡೂ ಹಾಲ್

ದೊಡ್ಡ ಹಾಲ್, ಮ್ಯಾಲ ಕೆಳಗ ಎಲ್ಲಾ ಕಟ್ಟಿಗಿ. ಮುಂದ ವಾದ್ಯದವರು ಸಾಲಾಗಿ ಕುಂತಾರ, ಅವರ ಹಿಂದ ಹಾಡವರು ನಿಂತಾರ, ಗಂಡಸರು ಹೆಂಗಸರು ಕೂಡೇ. ಎದುರಿಗೆ ಒಬ್ಬ ಸಣಕಲ ಮನಶ್ಯಾ ಕೋಲು ಹಿಡದು ನಿಂತಾನ. ಅವ ಕೋಲು ಎತ್ತಿದರ ಉಸರು ಬಿಡೂ ಸಪ್ಪಳಾನೂ ಇಲ್ಲ.

ಕೆಂಪು ಲೈಟು ಹತ್ತಿತು, ಶುರು ಆತು, ಅರ್ಧಕ್ಕ ನಿಂತಿತು. ಎಲ್ಲೋ ಕಿಣಿಕಿಣಿ ಸಪ್ಪಳ ಬರಾಕತ್ತೈತಿ ಅಂದರು. ಹುಡಕಿದರ ಅದು ನನ್ನ ಕೈಯಾಗಿನ ಗಾಜಿನ ಬಳಿ.

"ದಯವಿಟ್ಟು ಬಳಿ ತೆಗೀರಿ," ಅಂದಳು ಇಂಗ್ರಿಡ್.

ಗಂಡ ಹುಕ್ಕೇರ್ಯಾಗ ಗಟ್ಟಿಮುಟ್ಟಾಗಿ ಎರಡು ಹೊತ್ತು ಉಣ್ಣಾಕತ್ತಾನ, ಇಕಿ ನನಗ ಬಳಿ ತೆಗಿ ಅಂತಾಳ! ತೆಗಿಯೂದಿಲ್ಲ ಅಂದೆ. ಯಾಕಂತ ಕೇಳಿದಳು. ಹೇಳಿದೆ. ಭಾಳ ಗೌರವದಿಂದ ತಲಿ ಅಲ್ಲಾಡಿಸಿ, ಒಂದು ಜೋಡಿ ಉಲ್ಲನ್ ಕಾಲಚೀಲ ತಂದು ನನ್ನ ಎರಡೂ ಕೈಗೆ ಹಾಕಿ ಮೊಣಕೈತನಕ ಏರಿಸಿದಳು. ಇಡೀ ಸಿಂಫನಿ ನಾ ಕೈಗೆ ಕಾಲಚೀಲ ಹಾಕ್ಕೊಂಡು ಕೇಳೇನಿ.

ಹಾಡವರ ಬಾಯಾಗ ಕನ್ನಡ ಒಂದಕ್ಷರ ತಿಳೀಲಿಲ್ಲ, ಆದರ ಸಂಗೀತ ಚಂದ ಇತ್ತು. ಇಲ್ಲ ಅಂದರ ನಾಲಿಗಿ ಬೀಳತೈತಿ. ಸಣ್ಣ ದನಿಲೆ ಶುರು ಆಗಿ, ಎದಿಯೊಳಗ ಕೈ ಹಾಕಿದಂಗ ಆಗ್ತಿತ್ತು. ಹಾಡವರೊಳಗ ಒಬ್ಬಾಕಿ ಹರೇದ ಹುಡುಗಿ ಖರೇನ ಅಳಾಕತ್ತಿದ್ದಳು. ಆಮ್ಯಾಲ ಇಂಗ್ರಿಡ್ ಹಾಡಿನ ಕಾಗದ ನನ್ನ ಕೈಯಾಗ ಕೊಟ್ಟು, ಉಚ್ಚಾರ ನೋಡ್ರಿ ಅಂದಳು. ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದಿತ್ತು. ಬಾಯಾಗ ಹೊಳ್ಳಿಸಿ ಹೊಳ್ಳಿಸಿ ಓದಿದೆ.

"ಬಾಯಾಗ ಹಲ್ಲಿಲ್ಲ ಬೀಗರ ಮುದುಕಂಗ
ಹೋಳಿಗಿ ಮ್ಯಾಲ ಹೋಳಿಗಿ ನುಂಗ್ಯಾನ
ಹೊಟ್ಟಿಯ ತಿಕ್ಕೊಂತ ಹೊರಳ್ಯಾನ"

ಅಯ್ಯ ಶಿವನ! ಇದು ಲಗ್ನದಾಗ ಬೀಗರನ್ನ ಕಾಡಸೂ ಹಾಡು. ನಾನೂ ನನ್ನ ನಾದಿನಿ ಲಗ್ನದಾಗ ಹಾಡೇನಿ. ಅವತ್ತ ಏನಾಗಿತ್ತು ಅನ್ನೂದು ನನಗ ನಿಂತ ನಿಲುವಿನಾಗ ತಿಳದ ಹೋತು. ದೊಡ್ಡ ಮನಿಯಾವ ಪರದೇಶದ ಪಾವಣ್ಯಾನ ಮುಂದ ಅಳುವ ಹಾಡು ಹಾಡ್ರಿ ಅಂತ ಹುಕುಂ ಮಾಡ್ಯಾನ. ಒಲ್ಲೆ ಅನ್ನಾಕ ಧೈರ್ಯ ಇಲ್ಲ, ಹೆಣ ಇಲ್ಲದ ಮನ್ಯಾಗ ಹಾಡಾಕ ಬರೂದಿಲ್ಲ. ಹಂಗಾಗಿ ಬೀಗರ ಹಾಡನ್ನ ಅಳುವ ಧಾಟಿಲೆ ಎಳದು ಎಳದು ಹಾಡಿ ಸಾಗಹಾಕ್ಯಾರ. ಸಾಹೇಬಗ ಕನ್ನಡ ಬರೂದಿಲ್ಲ, ದೊಡ್ಡ ಮನಿ ಗಂಡಸರು ಹೆಂಗಸರ ಹಾಡಿಗೆ ಕಿವಿ ಕೊಡೂದಿಲ್ಲ. ಅದನ್ನ ತಗೊಂಡು ಬಂದು ಈ ಮಂದಿ ಇಷ್ಟು ವರ್ಷ ಎದಿ ಬಡಕೊಂಡು ಅಳಾಕತ್ತಾರ.

ನಗು ತಡಿಯಾಕ ಆಗಲಿಲ್ಲ, ಕಾಲಚೀಲದ ಕೈಲೆ ಬಾಯಿ ಮುಚ್ಚಿಕೊಂಡೆ. ಇಂಗ್ರಿಡ್‌ನ ಬಾಜೂಕ ಕರದು ಎಲ್ಲಾ ಹೇಳಿದೆ. ನಗ್ತಾಳ ಅಂತ ತಿಳಕೊಂಡಿದ್ದೆ. ಅಕಿ ಮಾರಿ ಸುಣ್ಣದಂಗ ಆತು.

"ಪುಸ್ತಕ ಪ್ರಿಂಟ್ ಆಗಿ ಬಂದಾವ," ಅಂದಳು. "ಸತ್ತ ಮಗನಿಗಾಗಿ ತಾಯಿ ಅಳುವ ಹಾಡು ಅಂತ ಅದರಾಗ ಐತಿ."

"ಮತ್ತ ಪ್ರಿಂಟ್ ಮಾಡಸ್ರಿ. ನಮ್ಮ ಹೆಣಮಕ್ಕಳು ಎಷ್ಟು ಶಾಣ್ಯಾ ಇದ್ದರು ಅಂತ ಬರೀರಿ. ಇದಕ್ಕಿಂತ ಚಂದ ಕಥಿ ಐತೇನು?"

"ಈ ವಾರ ಹಾಡವರಿಗೆ ಹೇಳಬ್ಯಾಡ್ರಿ. ಅವರ ಭಾವ ಕೆಡತೈತಿ." ಆಮ್ಯಾಲ ಅದ ಮೆತ್ತನ ದನಿಲೆ ಅಂದಳು: "ಟೇಪು ಕೇಳೂದು ನಾಳೆ ಇಟ್ಟೇವಿ ಅಲ್ಲ?"

ಹೆದರಿಸಲಿಲ್ಲ ನೋಡ್ರಿ, ಬರೇ ನೆನಪು ಮಾಡಿದಳು. ದೊಡ್ಡ ಮನಿಯಾವರ ಬಾಯಿ ಜೋರ ಇರ್ತಿತ್ತು, ಇವರದು ಇಲ್ಲ, ಅಷ್ಟ ಫರಕು. ಅವ್ವನ ದನಿ ಅವರ ಕೈಯಾಗ ಇತ್ತು. ಹಾಡವರ ಮುಂದ ನಿಂತು, "ಹೋಳಿಗಿ ಅನ್ನೂವಾಗ ನಾಲಿಗಿ ಮ್ಯಾಲಕ ಮಡಚ್ರಿ" ಅಂತ ಮಾರಿ ಗಂಟ ಹಾಕ್ಕೊಂಡು ಕಲಿಸಿದೆ. ಅಳೂ ಹುಡುಗಿ ಮತ್ತಷ್ಟು ಅತ್ತಳು.

ಟೇಪಿನ ಕ್ವಾಣಿ

ಮರುದಿವಸ ಒಂದು ಸಣ್ಣ ಕ್ವಾಣಿಯೊಳಗ ಕುಂಡ್ರಿಸಿದರು. ಫೋನ್ ಹೊರಗ ಇಸಕೊಂಡರು. ಟೇಪು ಭಾಳ ಹಳೇದು. ಮಷೀನಿನಾಗ ತಿರುಗಿದಷ್ಟೂ ಕಂದು ಪುಡಿ ಉದರತೈತಿ, ಇದ ಕಡೀ ಸಲ ತಿರಗೂದು, ಇದರ ಪ್ರತಿ ಕಂಪ್ಯೂಟರಿಗೆ ಇಳಸ್ತೀವಿ ಅಂತ ಇಂಗ್ರಿಡ್ ತಿಳಿಸಿ ಹೇಳಿದಳು. ನನಗ ಅದ್ಯಾವುದೂ ತಲಿಯೊಳಗ ಇಳೀಲಿಲ್ಲ. ಎದಿ ಹೊಡಕೊಳ್ಳೂ ಸಪ್ಪಳಕ್ಕ ಕೆಂಪು ಲೈಟು ಆರಸ್ತಾರೇನೋ ಅಂತ ಅಂಜಿಕಿ ಬಂದಿತ್ತು.

ಮೊದಲು ಗಾಳಿ ಬೀಸಿದಂಗ ಸಪ್ಪಳ. ನಾಯಿ ಬೊಗಳಿದ್ದು. ಯಾರೋ ಗಂಡಸು "ಹೂಂ, ಹಾಡ್ರಿ" ಅಂದದ್ದು. ಆಮ್ಯಾಲ ಒಬ್ಬಾಕಿ ದನಿ ಎತ್ತಿದಳು.

ಯವ್ವಾ! ಏನ್ ದನಿ ಅದು! ಸಣ್ಣಂದು, ಗಟ್ಟಿ, ಎಲ್ಲೂ ಅಳಕಿಲ್ಲ. ಹುಟ್ಟಿ ಇಷ್ಟು ವರ್ಷಕ್ಕ ನಮ್ಮವ್ವ ನನ್ನ ಮುಂದ ಬಾಯಿ ತೆಗದಳು ಅಂತ ನಾ ಗಳಗಳ ಅತ್ತೆ. ಅಕಿ ಹಾಡಾಕತ್ತಿದ್ದು ಬೀಗರ ಹೋಳಿಗಿ ಆದರೇನು, ಮಂತ್ರ ಆದರೇನು? ಆ ಕ್ವಾಣ್ಯಾಗ ನಾನೂ ನಮ್ಮವ್ವನೂ ಇಬ್ಬರ ಇದ್ದಂಗ ಆತು.

ಆದರ ಇಬ್ಬರ ಇರಾಕ ಬಿಡಲಿಲ್ಲ ಒಬ್ಬಾಕಿ. ಹಾಡು ನಡದಾಗ ಹಿಂದ ಯಾವಾಕಿನೋ ನಗಾಕತ್ತಿದ್ದಳು. ಮೊದಲು ಮೂಗಿನಾಗ ತಡದಳು, ಆಮ್ಯಾಲ ಫಕ್ ಅಂತ ಬಿಟ್ಟಳು, ಕಡೀಕ ಬಿದ್ದು ಬಿದ್ದು ನಕ್ಕಳು. ಮೂರನೇ ಸಾಲಿನ ಮ್ಯಾಲ ಅವ್ವನ ದನಿ ಅರ್ಧ ಮುಚ್ಚಿಹೋತು. ನನಗ ಸಿಟ್ಟು ನೆತ್ತಿಗೇರಿತು. ನಿನ್ನ ಹಲ್ಲು ಉದರಲಿ, ಇಷ್ಟ ಚೂರು ಅದಾಳ ನಮ್ಮವ್ವ, ಅದರಾಗೂ ನಿನ್ನ ಹಾವಳಿ ಏನ ಅಂತ ಮನಸಿನಾಗ ಬೈದೆ.

ಟೇಪು ಮುಗಿದ ಮ್ಯಾಲ ಇಂಗ್ರಿಡ್ ಕೇಳಿದಳು: "ಹಾಡಿದಾಕಿ ನಿಮ್ಮ ತಾಯಿ. ನಗಾಕಿ ಯಾರು? ಗುರುತು ಹತ್ತಿತೇನು?"

"ಇಲ್ಲ. ಓಣ್ಯಾಗಿನಾಕಿ ಯಾವಾಕಿನೋ."

"ಗುರುತಿಲ್ಲದವರ ದನಿ ಅವರ ಒಪ್ಪಿಗಿ ಇಲ್ಲದ ಇಟ್ಟುಕೊಳ್ಳಾಕ ನಮ್ಮ ಟ್ರಸ್ಟಿನ ನಿಯಮ ಬಿಡೂದಿಲ್ಲ. ಈ ಟೇಪು ಸಿಂಫನಿ ಮುಂದ ಹಾಕೂ ವಿಚಾರ ಐತಿ. ನೀವು ಹೂಂ ಅಂದರ ನಗು ತೆಗದು ನಿಮ್ಮ ತಾಯಿ ದನಿ ಅಷ್ಟ ಇಡ್ತೀವಿ. ಈಗಿನ ಮಷೀನಿನಾಗ ಪೂರಾ ತೆಗಿಯಾಕ ಬರತೈತಿ. ಉಳದದ್ದು ಅಳಿಸಿಬಿಡ್ತೀವಿ."

"ತೆಗೀರಿ," ಅಂದೆ. "ಸ್ವಚ್ಛ ತೆಗೀರಿ."

ಇಡೀ ಊರಾಗ ನನ್ನ ಮಾತು ತಕ್ಷಣ ನಡದದ್ದು ಅದೊಂದ.

ತಿರುಗಿ ಬರೂ ಹಾದಿ

ಒಂದು ಪ್ರತಿ ನನ್ನ ಫೋನಿಗೆ ಹಾಕಿ ಕೊಡ್ರಿ ಅಂತ ಬೇಡಿಕೊಂಡೆ. ದನಿ ನಿಮ್ಮ ತಾಯಿದು ಆದರ ರೆಕಾರ್ಡಿಂಗು ಟ್ರಸ್ಟಿನದು, ಪೆಟ್ಟಿಗಿ ಹೊರಗ ಬಂದ ಮ್ಯಾಲ ಒಂದು ನಿಮಗ ಕಳಸ್ತೀವಿ ಅಂದರು. ಬಾಗಿಲ ಹೊರಗಿಂದ ಕರದಂಟಿನ ಡಬ್ಬಿ ಎತ್ತಿಕೊಂಡೆ. ಅದು ಚಳಿಗೆ ಕಲ್ಲಾಗಿತ್ತು. ವಿಮಾನದಾಗ ಒಬ್ಬಾಕಿನ ಕುಂತು ಅದನ್ನ ಕಡಕೊಂತ ಬಂದೆ. ನಮ್ಮವರ ಬಾಯಿಂದ ಹಾಡು ಇಸಕೊಂಡವರು, ನಮ್ಮ ಕೈಯಿಂದ ಒಂದು ತುಂಡು ಇಸಕೊಳ್ಳಲಿಲ್ಲ ಅನ್ನೂ ಸಂಕಟ ಹುಕ್ಕೇರಿ ಮುಟ್ಟಿದರೂ ಹೋಗಲಿಲ್ಲ. ಆದರೂ ಅವ್ವನ ದನಿ ಕೇಳಿ ಬಂದೆ ಅನ್ನೂ ಸಮಾಧಾನ ಒಂದಿತ್ತು. ಚಿಗವ್ವಗ ಫೋನಿನಾಗ ಏನೂ ಹೇಳಲಿಲ್ಲ. ಪೆಟ್ಟಿಗಿ ಬರಲಿ, ಅಕಿ ಕಿವಿಲೇ ಕೇಳಲಿ ಅಂತ ತಡದು ಇಟ್ಟುಕೊಂಡೆ.

ಮೂಡಲಗಿ

ಪೆಟ್ಟಿಗಿ ಬ್ಯಾಸಿಗಿಯೊಳಗ ಬಂತು. ಎಲ್ಲಾ ಸಿಂಫನಿ, ಎಲ್ಲಾ ಹಾಡು, ಮ್ಯಾಲ ಸಾಹೇಬನ ದೊಡ್ಡ ಫೋಟೋ. ಪುಸ್ತಕದಾಗ ಸತ್ತ ಮಗನಿಗೆ ತಾಯಿ ಅಳೂದು ಹಂಗ ಉಳಕೊಂಡೈತಿ. ಪೆಟ್ಟಿಗಿ ಹಿಂದ ಅವ್ವನ ಹೆಸರು ಸಣ್ಣ ಅಕ್ಷರದಾಗ ಐತಿ. ಸಿಡಿ ಹಚ್ಚೂ ಮಷೀನು ಈಗ ಯಾರ ಮನ್ಯಾಗೂ ಇಲ್ಲ, ಬೆಳಗಾವಿಯಿಂದ ಒಂದು ಕಡ ತರಿಸಿ ಮೂಡಲಗಿಗೆ ಒಯ್ದೆ.

ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಚಿಗವ್ವ ಹಿಟ್ಟಿನ ಕೈ ತೊಳಕೊಂಡು, ಒಲಿ ಹೊಗಿಗೆ ಕೆಮ್ಮಿಕೊಂತ ನನ್ನ ಬಾಜೂ ಕುಂತಳು. ಅಕಿ ದನಿ ಈಗ ಒಡದ ಹಲಗಿ ಗತಿ ಆಗೇತಿ. ಹಾಡು ಹಚ್ಚಿದೆ. ದನಿ ಎದ್ದಿತು. ಚಿಗವ್ವ ಸೆರಗಿಲೆ ಬಾಯಿ ಮುಚ್ಚಿಕೊಂಡಳು.

"ಹೌದ ನೋಡ! ನನ್ನ ದನಿ ಆಗ ಹೆಂಗಿತ್ತ ಅಲಾ!"

"ನಿನ್ನ ದನಿ?"

"ಮತ್ತ ಯಾರದು?"

"ಚಿಗವ್ವಾ, ಇದು ಅವ್ವನ ದನಿ."

"ಹುಚ್ಚಿ ಅದೀ ಏನ? ನನ್ನ ದನಿ ನನಗ ತಿಳಿಯೂದಿಲ್ಲೇನು? ಯಾವಾಗಲೂ ಹಾಡಾಕಿ ನಿಮ್ಮವ್ವ, ಖರೆ. ಆದರ ಅವತ್ತ ಅಕಿ ಎಲ್ಲಿ ಹಾಡ್ಯಾಳ? ಬೀಗರ ಹಾಡು ಅಳುವ ಧಾಟಿಲೆ ಹಾಡೂಣು ಅಂತ ಹೇಳಿದಾಕಿ ಅಕಿನ. ಹೆಣದ ಹಾಡು ಹಾಡಿ ಮನಿಗೆ ಸಾವು ತರೂದು ಬ್ಯಾಡ ಅಂದಳು. ಆದರ ದೊಡ್ಡ ಮನಿಯಾವ ಮುಂದ ಕುಂತು, ಕಣ್ಣು ಮುಚ್ಚಿ, ತಲಿ ತೂಗಾಕತ್ತಿದ ನೋಡ, ಅಕಿಗೆ ನಗಿ ತಡಿಯಾಕ ಆಗಲಿಲ್ಲ. ಅದಕ್ಕ ನಾ ದನಿ ಎತ್ತಿದೆ. ಅಕಿ ನನ್ನ ಬೆನ್ನ ಹಿಂದ, ನಿನ್ನ ಉಡಿಯಾಗ ಹಾಕ್ಕೊಂಡು, ಬಿದ್ದು ಬಿದ್ದು ನಕ್ಕಳು. ಸಾವು ತರಬಾರದು ಅಂತ ಅಷ್ಟು ಮಾಡಿದಾಕಿ, ಮುಂದಿನ ಮಳಿಗಾಲಕ್ಕ ತಾನ ಹೋದಳು." ಅಕಿ ನನ್ನ ಮೊಣಕಾಲು ಹಿಡದಳು. "ತಡಿ, ತಡಿ. ಈಗ ಬರತೈತಿ. ಹೊಟ್ಟಿಯ ತಿಕ್ಕೊಂತ ಅನ್ನೂವಲ್ಲಿ ನಗ್ತಾಳ. ಕೇಳ ಈಗ."

ಬೆರಳು ಎತ್ತಿ ಹಿಡದು ಕುಂತಳು. ಹಾಡು ಆ ಸಾಲಿಗೆ ಬಂತು. ಸ್ವಚ್ಛ ಬಂತು, ಸ್ವಚ್ಛ ದಾಟಿ ಹೋತು. ಹಿಂದ ನಾಯಿಯೂ ಇಲ್ಲ, ಗಾಳಿಯೂ ಇಲ್ಲ. ಅದು ಮುಗಿದು ಸ್ವೀಡನ್ನಿನ ಮಂದಿ ಅಳಾಕ ಶುರು ಮಾಡಿದರು.

"ಎಲ್ಲಿ? ಅಕಿ ನಕ್ಕದ್ದ ಬರಲಿಲ್ಲಲ್ಲ," ಅಂದಳು ಚಿಗವ್ವ. ಬೆರಳು ಇನ್ನೂ ಕೆಳಗ ಇಳಿಸಿರಲಿಲ್ಲ.

"ತೆಗದಾರ."

"ಯಾರು?"

"ನಾನ ತೆಗೀರಿ ಅಂದೆ. ಯಾರು ಅಂತ ನನಗ ಗೊತ್ತಾಗಲಿಲ್ಲ ಚಿಗವ್ವಾ."

ಬೈತಾಳ ಅಂತ ಮಾಡಿದ್ದೆ. ಬೈದಿದ್ದರ ಚೊಲೋ ಇತ್ತು. 'ನಿನ್ನ ಹಲ್ಲು ಉದರಲಿ' ಅಂತ ನಾ ಅಂದದ್ದನ್ನೂ ಹೇಳಿಬಿಡಬೇಕು ಅಂತ ಬಾಯಿತನಕ ಬಂದಿತ್ತು, ಹೇಳಲಿಲ್ಲ. ಅಕಿ ಎತ್ತಿದ ಬೆರಳು ಇಳಿಸಿ, ಮಷೀನಿನ ಮ್ಯಾಲಿನ ಧೂಳು ಸೆರಗಿಲೆ ಒರಸಿದಳು. ಆಮ್ಯಾಲ ನನ್ನ ಕಡೆ ಹೊಳ್ಳಿ, ಸಣ್ಣ ಹುಡುಗಿ ಕೇಳಿದಂಗ ಕೇಳಿದಳು.

"ನೀ ಆದರ ಕೇಳೀದಿ ಅಲಾ. ಅಕ್ಕನ ನಗಿ ಹೆಂಗಿತ್ತ, ಒಮ್ಮೆ ನಕ್ಕು ತೋರಸ. ನನಗ ಮರತ ಹೋಗೇತಿ."